ಬಿಗಿಯುವ ಮೊದಲು ಸಡಿಲಿಸುವುದು: ಶೀಘ್ರಸ್ಖಲನ, ಶ್ರೋಣಿತಳದ ಸ್ನಾಯು ಮತ್ತು ದೇಹದ ಭಂಗಿ

‘ಬೇಗ ಆಗಿಬಿಡುತ್ತೆ’ ಎಂದು ತಲೆ ತಗ್ಗಿಸಿ ಹೇಳುವ ಗಂಡಸಿಗೆ ನಮ್ಮ ಬಸ್‌ನಿಲ್ದಾಣದ ಗೋಡೆಗಳು ಕೊಡುವ ಉತ್ತರ ‘ನರದೌರ್ಬಲ್ಯ’. ಈ ಪದ ಮಾಡಿರುವ ಹಾನಿ ಸಣ್ಣದಲ್ಲ. ಶಕ್ತಿ ಸೋರಿಹೋಗಿದೆ, ಅದನ್ನು ತುಂಬಿಸಬೇಕು ಎಂಬ ನಂಬಿಕೆಯನ್ನು ಅದು ಬಿತ್ತುತ್ತದೆ. ಆಧುನಿಕ ವ್ಯಾಯಾಮ ಚಿಕಿತ್ಸೆಯೂ ಎಷ್ಟೋ ಸಲ ಇದೇ ನಂಬಿಕೆಯನ್ನು ಬೇರೆ ಮಾತಿನಲ್ಲಿ ಹೇಳುತ್ತದೆ: ಸ್ನಾಯು ದುರ್ಬಲ, ಬಿಗಿದು ಬಲಪಡಿಸಿ. ಕೆಲವರ ತೊಂದರೆ ಇದಕ್ಕೆ ತೀರ ವಿರುದ್ಧವಾಗಿರಬಹುದು, ಅಂದರೆ ಸ್ನಾಯು ಸಡಿಲಗೊಳ್ಳಲು ಮರೆತಿರಬಹುದು ಎಂಬುದು ಈ ಲೇಖನದ ವಾದ.

ಮೊದಲು ‘ಬೇಗ’ ಎಂದರೆ ಎಷ್ಟು ಎಂಬುದನ್ನು ನೋಡೋಣ. 2005ರಲ್ಲಿ ವಾಲ್ಡಿಂಗರ್ ಮತ್ತು ಸಂಗಡಿಗರು ಐದು ದೇಶಗಳ ಸುಮಾರು 500 ಜೋಡಿಗಳ ಕೈಗೆ ಸ್ಟಾಪ್‌ವಾಚ್ ಕೊಟ್ಟು ಪ್ರವೇಶದಿಂದ ಸ್ಖಲನದವರೆಗಿನ ಅವಧಿಯನ್ನು ಅಳೆದಾಗ ಮಧ್ಯಾಂಕ 5.4 ನಿಮಿಷ ಬಂತು. ಲೈಂಗಿಕ ವೈದ್ಯವಿಜ್ಞಾನದ ಅಂತರರಾಷ್ಟ್ರೀಯ ಸಂಘಟನೆಯ 2014ರ ವ್ಯಾಖ್ಯೆಯ ಪ್ರಕಾರ, ಮೊದಲಿನಿಂದಲೂ ಇರುವ ಶೀಘ್ರಸ್ಖಲನದಲ್ಲಿ ಅವಧಿ ಸುಮಾರು ಒಂದು ನಿಮಿಷದೊಳಗೆ. ನಡುವೆ ಬಂದದ್ದರಲ್ಲಿ ಅದು ಸುಮಾರು ಮೂರು ನಿಮಿಷಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದಿರುತ್ತದೆ. ಹಿಡಿತ ತಪ್ಪುವುದು, ಅದರಿಂದ ಮನಸ್ಸು ನೋಯುವುದು ಕೂಡ ವ್ಯಾಖ್ಯೆಯ ಭಾಗವೇ. ನಾಲ್ಕೈದು ನಿಮಿಷಕ್ಕೇ ಕಂಗಾಲಾಗಿ ಬರುವವರಿಗೆ ಈ ಅಂಕಿಗಳನ್ನು ಹೇಳುವುದೇ ಅರ್ಧ ಚಿಕಿತ್ಸೆ.

ಸ್ಖಲನ ಎರಡು ಹೆಜ್ಜೆಯಲ್ಲಿ ನಡೆಯುತ್ತದೆ. ಮೊದಲನೆಯದರಲ್ಲಿ ವೀರ್ಯ ಮೂತ್ರನಾಳದ ಹಿಂಭಾಗಕ್ಕೆ ಬಂದು ಸೇರುತ್ತದೆ. ಇದು ನಮ್ಮ ಇಚ್ಛೆಗೆ ಒಳಪಡದ ನರಗಳ ಕೆಲಸ. ಎರಡನೆಯದರಲ್ಲಿ ಶಿಶ್ನದ ಬುಡವನ್ನು ಸುತ್ತುವರಿದ ಸ್ನಾಯುಗಳೂ ಶ್ರೋಣಿತಳದ, ಅಂದರೆ ಸೊಂಟದ ಗೂಡಿನ ಕೆಳಹಾಸಿನ, ಉಳಿದ ಸ್ನಾಯುಗಳೂ ತಾಳಬದ್ಧವಾಗಿ ಹಿಂಡಿ ಅದನ್ನು ಹೊರಹಾಕುತ್ತವೆ. ಈ ಸ್ನಾಯುಗಳಿಗೆ ಆಜ್ಞೆ ಬರುವುದು ಬೆನ್ನುಹುರಿಯ ತುದಿಭಾಗದಿಂದ ಹೊರಡುವ ಪ್ಯೂಡೆಂಡಲ್ ನರದ ಮೂಲಕ. ಮೂತ್ರವನ್ನು ನಡುವೆ ತಡೆಯುವಾಗ, ಮಲವನ್ನು ಹಿಡಿದುಕೊಳ್ಳುವಾಗ ದುಡಿಯುವುದೂ ಇದೇ ಸ್ನಾಯುಸಮೂಹ. ಉದ್ರೇಕ ಏರಿದಂತೆ ಅದರ ಬಿಗಿತವೂ ಏರುತ್ತದೆ. ಆರಂಭದಲ್ಲೇ ಅದು ಅರ್ಧ ಬಿಗಿದಿದ್ದರೆ ಪ್ರತಿಕ್ರಿಯೆಯ ಅಂಚಿಗೆ ಉಳಿಯುವ ದೂರ ಕಡಿಮೆ ಎಂಬ ಊಹೆ ಹುಟ್ಟುವುದು ಇಲ್ಲಿಂದಲೇ.

ಈ ಸ್ನಾಯುಗಳನ್ನು ಬಿಗಿಯುವ ವ್ಯಾಯಾಮದ ಕಥೆ 1948ರಲ್ಲಿ ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೀಗಲ್ ಅವರಿಂದ ಆರಂಭವಾಗುತ್ತದೆ. ಅವರ ಲಕ್ಷ್ಯವಿದ್ದದ್ದು ಹೆರಿಗೆಯಾದ ಮೇಲೆ ಮೂತ್ರ ಸೋರುವ ಹೆಂಗಸರ ಕಡೆಗೆ. ಸುಮಾರು ಅರ್ಧ ಶತಮಾನದ ನಂತರ, 1996ರಲ್ಲಿ, ಇಟಲಿಯ ಲಾ ಪೆರಾ ಮತ್ತು ನಿಕಾಸ್ಟ್ರೋ ಇದೇ ಬಗೆಯ ಪುನಶ್ಚೇತನವನ್ನು ಶೀಘ್ರಸ್ಖಲನದ 18 ಮಂದಿಯ ಮೇಲೆ ಪ್ರಯೋಗಿಸಿದರು. 11 ಮಂದಿಗೆ ಗುಣ ಕಂಡಿತು. 2014ರಲ್ಲಿ ಪಾಸ್ಟೋರೆ ತಂಡ 40 ಮಂದಿಗೆ 12 ವಾರ ತರಬೇತಿ ಕೊಟ್ಟಾಗ 33 ಮಂದಿಗೆ ಹಿಡಿತ ಬಂತು, ಸರಾಸರಿ ಅವಧಿ ಸುಮಾರು 40 ಸೆಕೆಂಡಿನಿಂದ 146 ಸೆಕೆಂಡಿಗೆ ಏರಿತು. ಸುದ್ದಿಗಳಲ್ಲಿ ಇದು ‘ಕೀಗಲ್ ಮಾಡಿ, ಗೆಲ್ಲಿ’ ಎಂದಾಯಿತು. ಆದರೆ ಆ ತರಬೇತಿಯಲ್ಲಿ ವಿದ್ಯುತ್ ಪ್ರಚೋದನೆಯೂ ಇತ್ತು, ಸ್ನಾಯು ಬಿಗಿದದ್ದನ್ನೂ ಬಿಟ್ಟದ್ದನ್ನೂ ರೋಗಿಗೇ ತೋರಿಸಿಕೊಡುವ ಬಯೋಫೀಡ್‌ಬ್ಯಾಕ್ ಕೂಡ ಇತ್ತು. ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಕೆಲಸ ಮಾಡಿದ್ದು ಬಲವೋ ಅರಿವೋ ಎಂಬುದನ್ನು ಈ ಅಂಕಿಗಳು ಹೇಳುವುದಿಲ್ಲ. ನನ್ನ ಒಲವು ಅರಿವಿನ ಕಡೆಗೆ.

ಕಾರಣವಿದೆ. ಪ್ರಾಸ್ಟೇಟಿನ ದೀರ್ಘಕಾಲದ ಉರಿಯೂತವೆಂದು ಕರೆಯಲಾಗುವ ಶ್ರೋಣಿನೋವು ಇರುವವರಲ್ಲಿ ಶೀಘ್ರಸ್ಖಲನದ ದೂರು ಹೆಚ್ಚು. ಅವರಲ್ಲಿ ಅನೇಕರಿಗೆ ಶ್ರೋಣಿತಳ ಮುಟ್ಟಿದರೆ ನೋಯುವಷ್ಟು ಬಿಗಿದಿರುತ್ತದೆ. ಜೊತೆಗೆ, ತಡೆಯಬೇಕೆಂಬ ಆತಂಕದಲ್ಲಿ ಗಂಡಸು ಮಾಡುವುದೇನು? ಉಸಿರು ಹಿಡಿಯುತ್ತಾನೆ, ಕಿಬ್ಬೊಟ್ಟೆ ಎಳೆದುಕೊಳ್ಳುತ್ತಾನೆ, ಕುಂಡಿ ಬಿಗಿಯುತ್ತಾನೆ. ತಡೆಯೆಂದು ಅವನು ಭಾವಿಸಿದ್ದು ವೇಗವನ್ನೇ ಹೆಚ್ಚಿಸುವ ಸಾಧ್ಯತೆಯಿದೆ. ಇಂಥವನಿಗೆ ದಿನಕ್ಕೆ ನೂರು ಸಲ ಬಿಗಿಯಿರಿ ಎನ್ನುವುದು ಮುಷ್ಟಿ ಬಿಚ್ಚಲಾಗದವನಿಗೆ ಮುಷ್ಟಿ ಕಟ್ಟುವುದನ್ನು ಕಲಿಸಿದಂತೆ.

ಭಂಗಿಯ ವಿಷಯದಲ್ಲಿ ಎಚ್ಚರ ಬೇಕು. ಬೆನ್ನು ಬಾಗಿಸಿ ಕೂತರೆ ಶ್ರೋಣಿತಳ ಬಿಗಿಯುತ್ತದೆ ಎಂಬ ಮಾತು ಜನಪ್ರಿಯ. ಸ್ಯಾಪ್ಸ್‌ಫರ್ಡ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಳತೆಗಳು ಬೇರೆಯೇ ಹೇಳುತ್ತವೆ: ಒರಗಿ ಕುಗ್ಗಿ ಕೂತಾಗ ಸ್ನಾಯುವಿನ ಚಟುವಟಿಕೆ ಕಡಿಮೆ, ಆಧಾರವಿಲ್ಲದೆ ನೆಟ್ಟಗೆ ಕೂತಾಗ ಹೆಚ್ಚು. 2011ರಲ್ಲಿ ಕ್ಯಾಪ್ಸನ್ ತಂಡ ನಿಂತ ಭಂಗಿಗಳನ್ನು ಅಳೆದಾಗ, ಸೊಂಟದ ಸಹಜ ಬಾಗನ್ನು ಚಪ್ಪಟೆ ಮಾಡಿ ನಿಂತರೆ ವಿಶ್ರಾಂತ ಬಿಗಿತ ಹೆಚ್ಚು ಎಂದು ಕಂಡಿತು. ಎರಡೂ ಹೆಂಗಸರ ಮೇಲೆ ನಡೆದ ಅಧ್ಯಯನಗಳು, ಸ್ಖಲನಕ್ಕೆ ನೇರ ಸಾಕ್ಷ್ಯವಲ್ಲ. ಭಂಗಿ ಬದಲಾದರೆ ಶ್ರೋಣಿತಳದ ಬಿಗಿತ ಬದಲಾಗುತ್ತದೆ ಎಂಬಷ್ಟನ್ನು ಇವುಗಳಿಂದ ಎತ್ತಿಕೊಳ್ಳಬಹುದು. ಒಂದು ಭಂಗಿ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂಬ ಪಟ್ಟಿಯನ್ನಲ್ಲ. ನನಗೆ ಭಂಗಿಗಿಂತ ಮುಖ್ಯವಾಗಿ ಕಾಣುವುದು ಅದರೊಳಗೆ ಉಸಿರಿಗೆ ದಾರಿ ಇದೆಯೇ ಎಂಬುದು. ಉಸಿರೆಳೆದು ವಪೆ (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪದರ) ಕೆಳಗಿಳಿದಾಗ ಶ್ರೋಣಿತಳವೂ ಕೆಳಗಿಳಿಯಬೇಕು.

ಇದನ್ನು ಓದುವವರು ಈಗಲೇ ಪರೀಕ್ಷಿಸಿಕೊಳ್ಳಬಹುದು. ಗಟ್ಟಿ ಮರದ ಕುರ್ಚಿಯ ಮೇಲೆ, ಪೃಷ್ಠದ ಎರಡು ಮೂಳೆಗುಬ್ಬುಗಳು ತಾಗುವಂತೆ ಕೂತು ಹೊಟ್ಟೆ ಸಡಿಲ ಬಿಟ್ಟು ನಿಧಾನ ಉಸಿರೆಳೆದರೆ, ಆ ಗುಬ್ಬುಗಳ ನಡುವಿನ ಜಾಗ ಮೆಲ್ಲಗೆ ಕುರ್ಚಿಯ ಕಡೆಗೆ ಉಬ್ಬುತ್ತದೆ. ಈಗ ಕಿಬ್ಬೊಟ್ಟೆ ಒಳಗೆಳೆದು ಅದೇ ಉಸಿರು ತೆಗೆದುಕೊಳ್ಳಿ: ಎದೆ ಮೇಲೇಳುತ್ತದೆ, ಕೆಳಗೆ ಹೆಚ್ಚೇನೂ ಅಲುಗುವುದಿಲ್ಲ. ಇಡೀ ದಿನ ಈ ಎರಡನೆಯ ಸ್ಥಿತಿಯಲ್ಲೇ ಕಳೆಯುವವರುಂಟು. ಕುಕ್ಕರುಗಾಲಿನಲ್ಲಿ ಕೂತಾಗ ಮೊದಲಿನ ಆ ಉಬ್ಬುವ ಚಲನೆ ಇನ್ನೂ ಸ್ಪಷ್ಟವಾಗುತ್ತದೆ.

ನಮ್ಮ ಪರಂಪರೆ ಈ ಜಾಗವನ್ನು ಬಲದ ಕಣ್ಣಿನಿಂದ ಮಾತ್ರ ನೋಡಲಿಲ್ಲ. ಮೂತ್ರ, ಮಲ, ಶುಕ್ರಗಳ ಹೊರಹೋಗುವಿಕೆಯನ್ನು ಆಯುರ್ವೇದ ಒಂದೇ ಅಪಾನವಾಯುವಿಗೆ ಒಪ್ಪಿಸಿದೆ. ಚರಕಸಂಹಿತೆ ಶುಕ್ರಗತ ವಾತದ ಲಕ್ಷಣಗಳಲ್ಲಿ ಬೇಗ ಬಿಡುವುದನ್ನೂ ಬಿಡದೆ ಕಟ್ಟಿಹಾಕುವುದನ್ನೂ ಜೊತೆಗೇ ಇಟ್ಟಿದೆ. ಗುದದ ಸ್ನಾಯುವನ್ನು ಬಿಗಿದು ಬಿಡುವ ಯೋಗದ ಅಶ್ವಿನೀ ಮುದ್ರೆಯಲ್ಲಿ ಸಂಕೋಚಕ್ಕಿರುವಷ್ಟೇ ಸ್ಥಾನ ವಿಕಾಸಕ್ಕೂ ಇದೆ. ಶೀಘ್ರಸ್ಖಲನದ ಬಗೆಗಿನ 2007ರ ಒಂದು ಭಾರತೀಯ ಅಧ್ಯಯನದಲ್ಲಿ ಯೋಗ ಆಯ್ದುಕೊಂಡ 38 ಮಂದಿಯನ್ನು ಫ್ಲೂಆಕ್ಸೆಟಿನ್ ಔಷಧ ಪಡೆದ 30 ಮಂದಿಯೊಂದಿಗೆ ಹೋಲಿಸಲಾಯಿತು. ಯೋಗದ ಗುಂಪಿನ ಫಲ ಚೆನ್ನಾಗಿತ್ತು; ಆದರೆ ಚಿಕಿತ್ಸೆಯನ್ನು ರೋಗಿಗಳೇ ಆರಿಸಿಕೊಂಡಿದ್ದರಿಂದ ನಂಬಿಕೆಯ ಪಾಲನ್ನು ಬೇರ್ಪಡಿಸುವುದು ಕಷ್ಟ.

ಹಾಗೆಂದು ಎಲ್ಲವೂ ಬಿಗಿತದ ಕಥೆಯಲ್ಲ. ಮೊದಲಿನಿಂದಲೂ ಇರುವ ಶೀಘ್ರಸ್ಖಲನದಲ್ಲಿ ಮಿದುಳಿನ ಸೆರೊಟೋನಿನ್ ವ್ಯವಸ್ಥೆಯ ಪಾತ್ರವನ್ನು ಅಲ್ಲಗಳೆಯಲಾಗದು. ಡಪಾಕ್ಸೆಟಿನ್‌ನಂಥ ಔಷಧ ಕೆಲಸ ಮಾಡುವುದೇ ಆ ದಾರಿಯಲ್ಲಿ. ನಡುವೆ ಬಂದದ್ದಾದರೆ ಥೈರಾಯ್ಡ್, ನಿಮಿರು ದೌರ್ಬಲ್ಯ, ಪ್ರಾಸ್ಟೇಟಿನ ತೊಂದರೆಗಳನ್ನು ಮೊದಲು ನೋಡಲೇಬೇಕು. ಬಿಗಿತದ ಪ್ರಶ್ನೆ ಇವುಗಳ ಜಾಗವನ್ನು ಕಿತ್ತುಕೊಳ್ಳುವಂಥದ್ದಲ್ಲ. ವ್ಯಾಯಾಮ ಬರೆದುಕೊಡುವ ಮೊದಲು ಅದನ್ನು ಕೇಳಿ ಮುಗಿಸಬೇಕು, ಅಷ್ಟೆ.

ಅದಕ್ಕೆ ಬೇಕಾದದ್ದು ಕೈಗವಸು ತೊಟ್ಟ ಒಂದು ಬೆರಳು, ಎರಡು ನಿಮಿಷದ ಗುದಪರೀಕ್ಷೆ. ಬಿಗಿಯಿರಿ ಎಂದಾಗ ಎಷ್ಟು ಬಿಗಿಯುತ್ತದೆ ಎಂಬುದನ್ನು ಪರೀಕ್ಷಿಸುವವರು ಸಾಮಾನ್ಯವಾಗಿ ಬರೆದಿಡುತ್ತಾರೆ. ಬಿಡಿ ಎಂದಮೇಲೆ ಸ್ನಾಯು ಮೊದಲಿನ ಮಟ್ಟಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯಿತು, ಪೂರ್ತಿ ಇಳಿಯಿತೇ ಎಂಬುದನ್ನೂ ಬರೆದಿಡಬೇಕು. ಕೆಲವರಲ್ಲಿ ಬೆರಳಿನ ಕೆಳಗೆ ಸ್ನಾಯು ಇನ್ನೂ ಬಿಗಿದೇ ಇರುತ್ತದೆ, ಅವರು ಮಾತ್ರ ‘ಬಿಟ್ಟೆನಲ್ಲ’ ಎನ್ನುತ್ತಾರೆ.