ಪ್ರತಿನಾಯಕನು ಬೆಳೆದ ಬಗೆ

ಪಾತ್ರಧಾರಣೆಯ ವಿಡಿಯೋ ಗೇಮ್‌ಗಳು ಇನ್ನೂ ಶೈಶವದಲ್ಲಿದ್ದ ಕಾಲಕ್ಕೆ ಪ್ರತಿನಾಯಕನೆಂಬವನು ನೆಲಮಾಳಿಗೆಯ ಕಟ್ಟಕಡೆಯ ಕೋಣೆಯಲ್ಲಿ ಕಾದು ಕುಳಿತ ಒಂದು ಹೆಸರು ಮಾತ್ರವಾಗಿದ್ದನು. 1981ರಲ್ಲಿ ಅಮೆರಿಕದಲ್ಲಿ ಹೊರಬಂದ ‘ವಿಝರ್ಡ್ರಿ’ಯ ಮಾಂತ್ರಿಕ ವೆರ್ಡ್ನಾನಿಗೆ, ಅರಸನ ತಾಯಿತವನ್ನು ಅಪಹರಿಸಿ ಹತ್ತು ಅಂತಸ್ತುಗಳ ಆಳದಲ್ಲಿ ಅಡಗಿದವನೆಂಬುದಕ್ಕಿಂತ ಹೆಚ್ಚಿನ ಚರಿತ್ರೆಯೇನೂ ಇರಲಿಲ್ಲ.

1986ರಲ್ಲಿ ಜಪಾನಿನ ಯೂಜಿ ಹೋರಿಯವರು ‘ಡ್ರ್ಯಾಗನ್ ಕ್ವೆಸ್ಟ್’ ಅನ್ನು ರಚಿಸಿದಾಗ ಅವರಿಗೆ ದೊರೆತ ಸ್ಥಳ ಕೇವಲ 64 ಕಿಲೋಬೈಟ್. ಅಷ್ಟರಲ್ಲಿಯೇ ಅವರು ಎರಡು ಉಪಾಯಗಳನ್ನು ಸಾಧಿಸಿದರು: ಆಟಗಾರನು ಹೊರಡುವ ಊರಿನಿಂದಲೇ ನೀರಿನಾಚೆಗೆ ಶತ್ರುವಿನ ಕೋಟೆ ಕಾಣುವಂತೆ ಮಾಡಿದರು, ಕಡೆಯಲ್ಲಿ ಆ ಶತ್ರುವಿನ ಬಾಯಿಂದ, ತನ್ನೊಡನೆ ಸೇರಿದರೆ ಅರ್ಧ ಜಗತ್ತನ್ನು ಕೊಡುವೆನೆಂಬ ಆಮಿಷವನ್ನು ಒಡ್ಡಿಸಿದರು. ಒಪ್ಪಿದವನ ಸಾಹಸ ಅಲ್ಲಿಗೇ ಭಂಗವಾಗುವುದು.

ಈ ಪರಂಪರೆಯು ಪ್ರೌಢಿಮೆಯನ್ನು ಪಡೆದದ್ದು, ಯೋಶಿನೋರಿ ಕಿತಾಸೆ ಮತ್ತು ಹಿರೋಯುಕಿ ಇತೋ ನಿರ್ದೇಶಿಸಿದ 1994ರ ‘ಫೈನಲ್ ಫ್ಯಾಂಟಸಿ 6’ರಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮರುಭೂಮಿಯಲ್ಲಿ ನಿಂತು ತನ್ನ ಪಾದರಕ್ಷೆಯ ಮರಳನ್ನು ಸೈನಿಕರಿಂದ ಒರೆಸಿಸಿಕೊಳ್ಳುವ ಅದರ ಪ್ರತಿನಾಯಕ, ವಿದೂಷಕವೇಷದ ಕೆಫ್ಕಾನನ್ನು ಮೊದಲು ಕಂಡಾಗ ನಗೆಯೇ ಬರುತ್ತದೆ. ಆದರೆ ಡೋಮಾ ಕೋಟೆಯ ನೀರಿಗೆ ಅವನು ವಿಷವಿಕ್ಕಿದ ಮೇಲೆ, ಕೋಣೆ ಕೋಣೆಯನ್ನೂ ಹುಡುಕುತ್ತ ಹೋದ ಯೋಧ ಸಯಾನನಿಗೆ ಮಡದಿ ಮತ್ತು ಮಗನ ಶವಗಳು ಎದುರಾದಾಗ, ಆ ನಗೆ ಉಡುಗಿಹೋಗುತ್ತದೆ. ಕಥೆಯ ನಡುವೆ ಅವನು ಮೂರು ದೇವತಾಶಿಲೆಗಳನ್ನು ಕದಲಿಸಿ ಜಗತ್ತನ್ನೇ ಒಡೆದುಹಾಕುವನು. ಉತ್ತರಾರ್ಧವೆಲ್ಲ ಭಗ್ನಭೂಮಿಯಲ್ಲಿಯೇ ನಡೆಯುವುದು. ಒಂದು ವರ್ಷದ ತರುವಾಯ ನಿರ್ಜನದ್ವೀಪದಲ್ಲಿ ಎಚ್ಚರಗೊಂಡ ನಾಯಕಿ ಸೆಲೆಸಳ ಬಳಿಯಲ್ಲಿ, ಅವಳು ಅಜ್ಜನೆಂದು ಭಾವಿಸುವ ವೃದ್ಧ ಸಿಡ್ ರೋಗದಿಂದ ಮಲಗಿದ್ದಾನೆ. ಅವನಿಗಾಗಿ ಆಟಗಾರನೇ ದಡಕ್ಕೆ ಹೋಗಿ ಮೀನು ಹಿಡಿಯಬೇಕು. ಚುರುಕಾಗಿ ಈಜುವ ಮೀನು ಅವನಿಗೆ ಹಿತ. ಮಂದಗತಿಯ ರೋಗದ ಮೀನನ್ನೇ ತಿನ್ನಿಸುತ್ತ ಬಂದರೆ ಅವನು ಸಾಯುವನು. ಕೆಫ್ಕಾ ಆ ದ್ವೀಪದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳದಿದ್ದರೂ, ಅವನು ಮಾಡಿದ ಅನ್ಯಾಯದ ಪೂರ್ಣಪ್ರಮಾಣ ನಮಗೆ ತಿಳಿಯುವುದು ಆ ಮೀನುಗಳ ನಡುವೆಯೇ.

ಅದೇ ಸರಣಿಯ 1997ರ ಏಳನೆಯ ಆಟದಲ್ಲಿ ನಾಯಕನ ಸಂಗಾತಿ ಏರಿತಳನ್ನು ಕೊಂದ ಪ್ರತಿನಾಯಕ ಸೆಫಿರೋತನ ಕೀರ್ತಿ ಇವನಿಗಿಂತ ಬಹಳ ದೊಡ್ಡದು, ಆ ಮರಣದ ದುಃಖವೂ ನಿಜವಾದದ್ದು. ಆದರೂ ಪ್ರತಿನಾಯಕನ ಘನತೆಯನ್ನು ಅವನು ಸಾಧಿಸಿ ಮುಗಿಸಿದ ಹಾನಿಯಿಂದ ಅಳೆಯುವುದಾದರೆ, ಜಗತ್ತನ್ನು ಗೆದ್ದೇಬಿಟ್ಟ ಕೆಫ್ಕಾನಿಗೇ ಅಗ್ರಸ್ಥಾನ ಸಲ್ಲತಕ್ಕದ್ದು. ಈ ಕಲೆಯ ಬೆಳವಣಿಗೆಯನ್ನು ಅರಿಯಬಯಸುವವರು 1986ರ ಆಟವನ್ನು ಮೊದಲು, 1994ರದನ್ನು ಅನಂತರ, ಇದೇ ಕ್ರಮದಲ್ಲಿ ಆಡಿ ನೋಡಬೇಕು.