ಒಂದೇ ಲಿವರ್, ಎರಡು ಕೆಲಸ: ಮೈಸೂರು ಜಾವಾದ ಗೇರ್‌ಬಾಕ್ಸ್

ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ಬೇರೆಲ್ಲ ಗಾಡಿಗಳಿಂದ ಬೇರ್ಪಡಿಸುವುದು ಎಡಗಾಲಿನ ಬಳಿಯಿರುವ ಒಂದು ಲಿವರ್. ಅದು ಮುಂದಕ್ಕೆ ಚಾಚಿಕೊಂಡಿರುವಾಗ ಗೇರ್ ಪೆಡಲ್. ಎಂಜಿನ್ನಿನ ಕಡೆಗೆ ಒತ್ತಿ, ಮೇಲಕ್ಕೆ ತಿರುಗಿಸಿ ನೆಟ್ಟಗೆ ನಿಲ್ಲಿಸಿದರೆ ಕಿಕ್ಕರ್. ಗಾಡಿ ಸ್ಟಾರ್ಟ್ ಆದ ಮೇಲೆ ಅದನ್ನು ಮತ್ತೆ ಮುಂದಕ್ಕೆ ಮಲಗಿಸಿಕೊಂಡು ಗೇರ್ ಹಾಕಬೇಕು. ಬುಲೆಟ್, ರಾಜ್‌ದೂತ್ ಓಡಿಸಿ ಬಂದವರು ಜಾವಾ ಹತ್ತಿ ಕಿಕ್ಕರ್ ಎಲ್ಲಿ ಎಂದು ಹುಡುಕುವುದು ಮಾಮೂಲು. ಗೇರ್ ಬದಲಿಸಲು ಕೈಯಲ್ಲಿ ಕ್ಲಚ್ ಹಿಡಿಯಲೇಬೇಕೆಂಬ ಕಡ್ಡಾಯವೂ ಈ ಗಾಡಿಗಿರಲಿಲ್ಲ. ಪೆಡಲ್ ಒತ್ತಿದರೆ ಕ್ಲಚ್ ತಾನಾಗಿ ಬಿಡುತ್ತಿತ್ತು. ಸವಾರನಿಗೆ ಸಿಕ್ಕ ಈ ಎರಡು ಅನುಕೂಲಗಳ ಭಾರವೆಲ್ಲ ಬಿದ್ದದ್ದು ಮೆಕ್ಯಾನಿಕ್ಕಿನ ಮೇಲೆ. ಜಾವಾ ಗೇರ್‌ಬಾಕ್ಸ್ ರಿಪೇರಿ ಹಳೆಯ ಮೈಸೂರು ಸೀಮೆಯಲ್ಲಿ ಒಂದು ಪ್ರತ್ಯೇಕ ಕಸುಬಾಗಿ ಬೆಳೆದದ್ದಕ್ಕೆ ಮೂಲ ಅಲ್ಲಿದೆ.

ಈ ಯಂತ್ರದ ತವರು ಚೆಕೊಸ್ಲೊವಾಕಿಯ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿ ಜಾವಾ ಎಂದು ಹೆಸರಿಟ್ಟ. ಎರಡನೇ ಮಹಾಯುದ್ಧದಲ್ಲಿ ದೇಶ ಜರ್ಮನರ ಹಿಡಿತದಲ್ಲಿದ್ದಾಗ ಕಂಪನಿಯ ಎಂಜಿನಿಯರುಗಳು ಗುಟ್ಟಾಗಿ 250 ಸಿಸಿಯ ಹೊಸ ಗಾಡಿಯೊಂದನ್ನು ರೂಪಿಸಿದರು. ಪೆರಾಕ್ ಎಂದು ಹೆಸರಾದ ಅದನ್ನು 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿಟ್ಟಾಗ ಜನ ಮುಖ್ಯವಾಗಿ ಗಮನಿಸಿದ್ದು ತಾನಾಗಿ ಬಿಡುವ ಕ್ಲಚ್ಚನ್ನು. ಅದರ ಮುಂದಿನ ಪೀಳಿಗೆ 1954ರ ಹೊತ್ತಿಗೆ ಬಂದ 353 ಮಾದರಿ. 65 ಮಿಲಿಮೀಟರ್ ಬೋರ್, 75 ಮಿಲಿಮೀಟರ್ ಸ್ಟ್ರೋಕ್, 248.5 ಸಿಸಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ನಾಲ್ಕು ಗೇರು, ಸುಮಾರು 12 ಅಶ್ವಶಕ್ತಿ. ಮೈಸೂರಿಗೆ ಬಂದದ್ದು ಈ ಗಾಡಿ.

ಬಂದದ್ದು ಮುಂಬಯಿಯ ಮೂಲಕ. ಇರಾನಿ ಮನೆತನದ ಐಡಿಯಲ್ ಮೋಟಾರ್ಸ್ 1950ರ ದಶಕದಲ್ಲಿ ಅಲ್ಲಿ ಜಾವಾ ಗಾಡಿಗಳನ್ನು ಆಮದು ಮಾಡಿ ಮಾರುತ್ತಿತ್ತು. ಆಮದಿನ ಮೇಲೆ ಸರ್ಕಾರದ ಬಿಗಿ ಹೆಚ್ಚಾದಾಗ ಇಲ್ಲೇ ತಯಾರಿಸುವುದು ಅನಿವಾರ್ಯವಾಯಿತು. ಮದ್ರಾಸಿನಲ್ಲಿ ಎನ್‌ಫೀಲ್ಡ್ 1955ರಲ್ಲಿ ಶುರುವಾದದ್ದೂ ಇದೇ ಗಾಳಿಯಲ್ಲಿ. ಚೆಕ್ ಕಂಪನಿಯ ಪರವಾನಗಿಯೊಂದಿಗೆ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನಲ್ಲಿ ನೆಲೆಯಾಯಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅದನ್ನು ಉದ್ಘಾಟಿಸಿದರು. ಚೆಕ್ ಒಪ್ಪಂದ ಮುಗಿದ ಮೇಲೆ, 1970ರ ದಶಕದ ಮೊದಲ ಭಾಗದಲ್ಲಿ, ಟ್ಯಾಂಕಿನ ಮೇಲೆ ಜಾವಾ ಬದಲು ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಹೊರಬಂತು. ಹೆಸರು, ಹ್ಯಾಂಡಲ್, ಟ್ಯಾಂಕು, ಅಶ್ವಶಕ್ತಿ ಬದಲಾದರೂ ಎಡಗಾಲಿನ ಲಿವರ್ ಮಾತ್ರ ಹಾಗೆಯೇ ಉಳಿಯಿತು.

ಲಿವರಿನ ಹಿಂದಿರುವ ಏರ್ಪಾಡು ಹೀಗಿದೆ. ಗೇರ್ ಬದಲಿಸುವ ಶಾಫ್ಟ್ ಟೊಳ್ಳು ಕೊಳವೆ. ಕಿಕ್ಕರಿನ ಶಾಫ್ಟ್ ಅದರೊಳಗೆ ಹಾದುಹೋಗುತ್ತದೆ. ಲಿವರನ್ನು ಒಳಕ್ಕೆ ಒತ್ತಿದಾಗ ಅದು ಹೊರಗಿನ ಕೊಳವೆಯ ಹಿಡಿತ ಬಿಟ್ಟು ಒಳಗಿನ ಶಾಫ್ಟನ್ನು ತಿರುಗಿಸುತ್ತದೆ. ಪೆಡಲಾಗಿ ಬಳಸುವಾಗ ಕಾಲಿನ ಒತ್ತಡದ ಮೊದಲ ಪಾಲು ಕ್ಲಚ್ ಬಿಡಿಸಲು ಖರ್ಚಾಗುತ್ತದೆ, ಉಳಿದ ಪಾಲು ಸೆಲೆಕ್ಟರ್ ಫೋರ್ಕನ್ನು ಸರಿಸಿ ಗೇರ್ ಹಾಕುತ್ತದೆ. ಎರಡೂ ಒಂದರ ಹಿಂದೆ ಒಂದು ನಡೆಯಬೇಕು. ಕ್ಲಚ್ ಪೂರಾ ಬಿಡುವ ಮೊದಲೇ ಫೋರ್ಕ್ ಸರಿದರೆ ಗೇರು ಕಿರುಗುಟ್ಟುತ್ತದೆ. ಕ್ಲಚ್ ಸದಾ ಅರ್ಧ ಬಿಟ್ಟ ಸ್ಥಿತಿಯಲ್ಲೇ ನಿಂತರೆ ಏರಿನಲ್ಲಿ ಎಂಜಿನ್ ಅಬ್ಬರಿಸುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಆದ್ದರಿಂದ ಗೇರ್ ಸರಿಯಿಲ್ಲ ಎಂದು ಬರುವ ಗಾಡಿಗಳಲ್ಲಿ ಎಷ್ಟೋ ಗಾಡಿಗಳ ಗೇರ್‌ಬಾಕ್ಸಿನಲ್ಲಿ ದೋಷವೇ ಇರುವುದಿಲ್ಲ, ದೋಷವಿರುವುದು ಕ್ಲಚ್ ಹೊಂದಾಣಿಕೆಯಲ್ಲಿ. ಎಡಗಡೆಯ ಕವರಿನಲ್ಲಿ ಮುಚ್ಚಳ ತೆಗೆದರೆ ಲಾಕ್ ನಟ್ ಸಮೇತ ಒಂದು ಸ್ಕ್ರೂ ಸಿಗುತ್ತದೆ. ನಟ್ ಸಡಿಲಿಸಿ, ಸ್ಕ್ರೂ ತಡೆಯುವವರೆಗೆ ತಿರುಗಿಸಿ, ಅಲ್ಲಿಂದ ಸ್ವಲ್ಪ ಹಿಂದಕ್ಕೆ ತಂದು ನಟ್ ಬಿಗಿಯಬೇಕು. ಆಮೇಲೆ ಕೇಬಲ್ ನೋಡಿಕೊಳ್ಳಬೇಕು. ಈ ಕ್ರಮ ತಪ್ಪಿಸಿ ಹ್ಯಾಂಡಲಿನ ಕಡೆ ಕೇಬಲ್ ಮಾತ್ರ ಎಳೆದು ಬಿಗಿದರೆ ಕೈಯ ಕ್ಲಚ್ ಸರಿಹೋದಂತೆ ಕಾಣುತ್ತದೆ, ಕಾಲಿನ ಕ್ಲಚ್ ಹಾಗೆಯೇ ಕೆಟ್ಟಿರುತ್ತದೆ. ಬೇರೆ ಗಾಡಿಗಳಲ್ಲಿ ಪಳಗಿದ ಕೈ ಜಾವಾದಲ್ಲಿ ಸೋಲುವುದು ಇಲ್ಲೇ. ಸ್ಕ್ರೂವನ್ನು ಎಷ್ಟು ಹಿಂದಕ್ಕೆ ತರಬೇಕೆಂಬುದನ್ನು ಹಳೆಯ ಮೇಸ್ತ್ರಿಗಳು ಅಳತೆಯಿಂದ ಹೇಳುವುದಿಲ್ಲ; ಪೆಡಲನ್ನು ಅಂಗೈಯಲ್ಲಿ ಒತ್ತಿ, ಎಲ್ಲಿ ಬಿಗಿ ಹತ್ತುತ್ತದೆ ಎಂದು ನೋಡಿ ಹೇಳುತ್ತಾರೆ.

ಕ್ಲಚ್ ಪ್ಲೇಟುಗಳು ಇರುವುದು ಎಣ್ಣೆಯೊಳಗೆ, ಅದೂ ಗೇರುಗಳು ಮುಳುಗುವ ಎಣ್ಣೆಯಲ್ಲೇ. ಹಳೆಯ ಪ್ಲೇಟುಗಳಲ್ಲಿ ಕಾರ್ಕಿನ ಚೂರು ಕೂರಿಸಿರುತ್ತಾರೆ. ಗೇರಿಗೆ ಒಳ್ಳೆಯದೆಂದು ಲಾರಿಯ ಡಿಫರೆನ್ಷಿಯಲ್‌ಗೆ ಹಾಕುವ ಮಂದ ಎಣ್ಣೆ ಸುರಿದರೆ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನ್ಯೂಟ್ರಲ್ ಸಿಗುವುದಿಲ್ಲ. ಬೆಳಿಗ್ಗೆ ಮೊದಲ ಗೇರ್ ಹಾಕಿದೊಡನೆ ಗಾಡಿ ಮುಗ್ಗರಿಸುತ್ತದೆ.

ಎಣ್ಣೆ ಇಳಿಸುವುದು ತಪಾಸಣೆಯ ಮೊದಲ ಹೆಜ್ಜೆಯೂ ಹೌದು. ತಟ್ಟೆಯಲ್ಲಿ ಹಳದಿ ಮಿರುಗು ಕಂಡರೆ ಬುಷ್ ಸವೆದಿದೆ. ಕಪ್ಪು ಪುಡಿ ಕಂಡರೆ ಕಾರ್ಕ್ ಉದುರುತ್ತಿದೆ. ಅಯಸ್ಕಾಂತಕ್ಕೆ ಚೂಪು ಚೂರು ಹತ್ತಿದರೆ ಗೇರಿನ ಹಲ್ಲು ಮುರಿದಿದೆ. ಮುಂಬಯಿಯ ಬಳಿ ಠಾಣೆ ಖಾರಿಯ ಆಚೆ ಮಹಾಪೆ, ರಬಾಳೆ, ತುರ್ಭೆಯಂಥ ಕಡೆ ಮಳೆಗಾಲ ಕಳೆದ ಗಾಡಿಯಾದರೆ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುವುದುಂಟು; ನೀರು ಸೇರಿದ ಗುರುತು ಅದು. ಆ ಎಣ್ಣೆಯಲ್ಲೇ ಒಂದು ಬೇಸಿಗೆ ನಿಲ್ಲಿಸಿದರೆ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಇಳಿಸಿದ ಎಣ್ಣೆ ಹಾಕಿದ್ದಕ್ಕಿಂತ ಬಹಳ ಕಡಿಮೆಯಿದ್ದು, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಸೈಲೆನ್ಸರಿನ ಹೊಗೆಯನ್ನು ನೋಡಬೇಕು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ಒಂದು ಆಯಿಲ್ ಸೀಲ್. ಅದರ ತುಟಿ ಗಟ್ಟಿಯಾದರೆ ಕ್ರ್ಯಾಂಕ್‌ಕೇಸು ಗೇರಿನ ಎಣ್ಣೆಯನ್ನು ಹೀರಿ ಸುಡುತ್ತದೆ. ಹೊಗೆ ದಟ್ಟವಾಗುತ್ತದೆ, ಪ್ಲಗ್ ನೆನೆಯುತ್ತದೆ, ಗೇರ್‌ಬಾಕ್ಸ್ ಒಣಗುತ್ತದೆ. ಪೆಟ್ರೋಲಿಗೆ ಆಯಿಲ್ ಹೆಚ್ಚು ಬೆರೆತಿದೆ ಎಂದು ಬಂಕಿನವರನ್ನು ಬೈದುಕೊಂಡೇ ಗೇರ್‌ಬಾಕ್ಸ್ ಕೆಡಿಸಿಕೊಂಡವರು ಕಡಿಮೆಯಲ್ಲ.

ನಿಜವಾಗಿ ಗೇರುಗಳೇ ಸವೆದಾಗ ಕೆಲಸ ದೊಡ್ಡದು. ಬುಲೆಟ್ಟಿನ ಆಲ್ಬಿಯನ್ ಗೇರ್‌ಬಾಕ್ಸ್ ಎಂಜಿನ್ನಿನ ಹಿಂದೆ ಬೋಲ್ಟ್ ಹಾಕಿ ಕೂರಿಸಿದ ಬೇರೆ ಪೆಟ್ಟಿಗೆ. ಎಂಜಿನ್ ಚಾಸಿಯಲ್ಲಿ ಇದ್ದಂತೆಯೇ ಬಲಗಡೆಯ ಕವರುಗಳನ್ನು ಬಿಚ್ಚಿ ಒಳಗೆ ಕೈಹಾಕಬಹುದು. ಜಾವಾದಲ್ಲಿ ಎಂಜಿನ್ನು, ಗೇರ್‌ಬಾಕ್ಸು ಒಂದೇ ಅಲ್ಯೂಮಿನಿಯಂ ಎರಕದಲ್ಲಿವೆ. ಆ ಕೇಸು ಉದ್ದುದ್ದಕ್ಕೆ ಎರಡು ಹೋಳು. ಒಂದು ಗೇರ್ ಬದಲಿಸಬೇಕಾದರೂ ಎಂಜಿನ್ ಇಳಿಸಿ, ಹೆಡ್ಡು, ಸಿಲಿಂಡರ್, ಪಿಸ್ಟನ್ ತೆಗೆದು, ಪ್ರೈಮರಿ ಚೈನಿನ ಜೊತೆಗೇ ಕ್ಲಚ್ ಡ್ರಮ್ಮನ್ನೂ ಮುಂದಿನ ಹಲ್ಲುಚಕ್ರವನ್ನೂ ಒಟ್ಟಿಗೆ ಎಳೆದು, ಕೊನೆಗೆ ಕೇಸು ಬಿಡಿಸಬೇಕು. ಈ ಹಂತದಲ್ಲಿ ಮೇಸ್ತ್ರಿಯ ಸಂಸ್ಕಾರ ಗೊತ್ತಾಗುತ್ತದೆ. ಅವಸರದವನು ಎರಡು ಹೋಳುಗಳ ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟುತ್ತಾನೆ. ಆ ಗಾಯದಿಂದ ಎಣ್ಣೆ ಸೋರುವುದು ಸಣ್ಣ ಮಾತು. ಕ್ರ್ಯಾಂಕಿನ ಕಡೆ ಗಾಯವಾದರೆ ಅಲ್ಲಿಂದ ಗಾಳಿ ಒಳಸೇರಿ ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಕಾದು ಸೀಜ್ ಆಗುತ್ತದೆ. ಗೇರ್ ಮಾಡಿಸಿಕೊಂಡ ಗಾಡಿ ತಿಂಗಳೊಳಗೆ ಬೋರಿಗೆ ಬರುವುದಕ್ಕೆ ಇದೂ ಒಂದು ಕಾರಣ. ತಿಳಿದವನು ಕೇಸನ್ನು ಹದವಾಗಿ ಬಿಸಿ ಮಾಡುತ್ತಾನೆ. ಮೇಲೆ ಚಿಮುಕಿಸಿದ ನೀರಿನ ಹನಿ ಚುಯ್ಯೆಂದು ಹಾರಿದರೆ ಹದ ಬಂದಂತೆ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಬೇರಿಂಗ್ ತಾನೇ ಹಿಡಿತ ಬಿಡುತ್ತದೆ. ಮರದ ಸುತ್ತಿಗೆಯ ನಾಲ್ಕು ತಟ್ಟು ಸಾಕು.

ಗೇರ್ ಜಂಪ್ ಎನ್ನುವ ಕಾಯಿಲೆಗೆ ಮೂರು ಮೂಲಗಳುಂಟು. ಗೇರುಗಳು ಒಂದನ್ನೊಂದು ಕಚ್ಚುವ ಡಾಗ್‌ಗಳ ಅಂಚು ಉರುಟಾಗಿರಬಹುದು, ಸೆಲೆಕ್ಟರ್ ಫೋರ್ಕ್ ಬಾಗಿ ಸವೆದಿರಬಹುದು, ಗೇರನ್ನು ಸ್ಥಾನದಲ್ಲಿ ಹಿಡಿಯುವ ಸ್ಪ್ರಿಂಗ್ ಸೋತಿರಬಹುದು. ಸ್ಪ್ರಿಂಗ್ ಅಗ್ಗ, ಫೋರ್ಕಿಗೆ ಬೆಸುಗೆ ಹಾಕಿಸಿ ತೀಡಿಸಬಹುದು. ಡಾಗ್‌ಗಳನ್ನು ಗ್ರೈಂಡರಿಗೆ ಹಿಡಿದು ಅಂಚು ಕೊಡುವುದು ಮಾತ್ರ ತಾತ್ಕಾಲಿಕ ಉಪಾಯ. ಅವುಗಳ ಗಡಸು ಮೇಲಿನ ತೆಳುಪದರದಲ್ಲಷ್ಟೇ ಇರುತ್ತದೆ. ಅದು ಹೋದರೆ ಒಳಗಿನ ಮೆದು ಉಕ್ಕು ಬೇಗ ಸವೆಯುತ್ತದೆ. ಹೊಸ ಗೇರ್ ಕೂರಿಸಿದ ಮೇಲೆ ಶಾಫ್ಟುಗಳ ಅಡ್ಡ ಆಟವನ್ನು ವಾಷರಿನಿಂದ ಸರಿಪಡಿಸಿ, ಕೇಸನ್ನು ಒಮ್ಮೆ ಸುಮ್ಮನೆ ಮುಚ್ಚಿ, ಕೈಯಲ್ಲಿ ತಿರುಗಿಸುತ್ತಾ ನಾಲ್ಕೂ ಗೇರು, ನ್ಯೂಟ್ರಲ್, ಕಿಕ್ಕರ್ ಎಲ್ಲ ನೋಡಬೇಕು. ಆಮೇಲೆಯೇ ಪ್ಯಾಕಿಂಗ್ ಹಾಕಿ ಬಿಗಿಯುವುದು. ಈ ಪರೀಕ್ಷೆ ಬಿಟ್ಟವನು ಎಂಜಿನ್ನನ್ನು ಎರಡು ಸಲ ಇಳಿಸುತ್ತಾನೆ.

ಕಾರ್ಖಾನೆ ನಡೆಯುತ್ತಿದ್ದಾಗ ಬಿಡಿಭಾಗಕ್ಕೆ ಕೊರತೆ ಇರಲಿಲ್ಲ. ಆದರೆ 1984ರಿಂದ 1986ರೊಳಗೆ ಇಂಡ್-ಸುಜುಕಿ, ಹೀರೋ ಹೋಂಡಾ, ಯಮಹಾ, ಕವಾಸಾಕಿ ಬಜಾಜ್ ಕಂಪನಿಗಳ 100 ಸಿಸಿ ಗಾಡಿಗಳು ಬಂದು ಮೈಲೇಜಿನ ಲೆಕ್ಕವನ್ನೇ ಬದಲಿಸಿದವು. ಹೊಗೆ ನಿಯಮಗಳು 1991ರಲ್ಲಿ ಜಾರಿಗೆ ಬಂದು 1996ರಲ್ಲಿ ಬಿಗಿಯಾದವು. ಹಳೆಯ ಟೂ ಸ್ಟ್ರೋಕ್ ಎಂಜಿನ್ನಿಗೆ ಇವೆರಡರ ನಡುವೆ ಉಸಿರಾಡಲು ಜಾಗವಿರಲಿಲ್ಲ. ಕಾರ್ಮಿಕ ತಕರಾರುಗಳೂ ಸೇರಿ 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಅಲ್ಲಿಂದ ಮುಂದೆ ಈ ಯಂತ್ರದ ಜ್ಞಾನ ಉಳಿದದ್ದು ಗ್ಯಾರೇಜುಗಳಲ್ಲಿ. ಕಾರ್ಖಾನೆಯಲ್ಲಿ ದುಡಿದವರಲ್ಲಿ ಕೆಲವರು ತಾವೇ ಗ್ಯಾರೇಜು ತೆರೆದರು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳು, ಶಿವಾಜಿನಗರದ ಗುಜರಿ, ಮುಂಬಯಿಯಲ್ಲಾದರೆ ಕುರ್ಲಾದ ಗುಜರಿ ಸಾಲು ಆಧಾರವಾದವು. ಜೆ.ಸಿ. ರಸ್ತೆ ಎಂದರೆ ಜಯಚಾಮರಾಜೇಂದ್ರ ರಸ್ತೆ. ಕಾರ್ಖಾನೆ ತೆರೆದವರ ಹೆಸರಿನ ಬೀದಿಯೇ ಅದರ ಗಾಡಿಗಳನ್ನು ಬದುಕಿಸಿದ್ದು ಒಂದು ಆಕಸ್ಮಿಕ. ಠಾಣೆ–ಬೇಲಾಪುರ ಪಟ್ಟಿಯಂಥ ಕೈಗಾರಿಕಾ ಪ್ರದೇಶದಲ್ಲಿರುವವರಿಗೆ ಇನ್ನೊಂದು ದಾರಿಯಿದೆ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ 1962ರಲ್ಲಿ ಹುಟ್ಟಿದ ಮೇಲೆ ಬೆಳೆದ ಆ ಪಟ್ಟಿಯಲ್ಲಿ ಲೇತ್ ಕೆಲಸದ ಸಣ್ಣ ಘಟಕಗಳಿಗೆ ಬರವಿಲ್ಲ. ಬುಷ್ ಕಡೆಸುವುದು, ಶಾಫ್ಟ್ ತೀಡಿಸುವುದು ಅಲ್ಲಿ ಆಗುವ ಕೆಲಸ. ಗೇರನ್ನೇ ಹೊಸದಾಗಿ ಕೊರೆಸಿ ಗಡಸು ಮಾಡಿಸುವುದು ಒಂದೇ ಗಾಡಿಗಾದರೆ ದುಬಾರಿ.

ಜಾವಾ ಹೆಸರು 2018ರ ನವೆಂಬರಿನಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯ ಮೂಲಕ ಮತ್ತೆ ಮಾರುಕಟ್ಟೆಗೆ ಬಂತು, ಯೆಜ್ಡಿ 2022ರ ಜನವರಿಯಲ್ಲಿ. ಮಧ್ಯಪ್ರದೇಶದ ಪೀಥಾಂಪುರದಲ್ಲಿ ತಯಾರಾಗುವ ಈ ಗಾಡಿಗಳು ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್ ಯಂತ್ರಗಳು. ಮೈಸೂರು ಗಾಡಿಯ ಗೇರ್‌ಬಾಕ್ಸಿಗೂ ಇವಕ್ಕೂ ಹೆಸರಿನ ಹೊರತು ನಂಟಿಲ್ಲ. ಹಳೆಯವನ್ನು ಕಾಪಾಡುತ್ತಿರುವವರು ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನವೆಂದು ಸೇರುವ ಸವಾರರು.

ಕಾನೂನಿನ ಕಣ್ಣಿಗೂ ಈಗ ಈ ಹಳೆಯ ಗಾಡಿಗಳು ಬಿದ್ದಿವೆ. 2021ರ ಜುಲೈಯಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ ಶುಲ್ಕ. ನೋಂದಣಿಯ ಅವಧಿ 10 ವರ್ಷ. ಗಾಡಿ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು, ದಿನನಿತ್ಯದ ಓಡಾಟಕ್ಕೆ ಬಳಸಬಾರದು. ಜಾವಾ ಇಟ್ಟುಕೊಂಡವರು ಇಲ್ಲಿ ಒಂದು ಮಾತು ನೆನಪಿಡಬೇಕು. ಆರ್‌ಸಿ ಪುಸ್ತಕದಲ್ಲಿರುವ ಎಂಜಿನ್ ನಂಬರು ಕೆತ್ತಿರುವುದು ಗೇರುಗಳನ್ನು ಹೊತ್ತ ಅದೇ ಕೇಸಿನ ಮೇಲೆ. ಕೇಸು ಬಿರುಕು ಬಿಟ್ಟಾಗ ಗುಜರಿಯಿಂದ ಇನ್ನೊಂದನ್ನು ತಂದು ಹಾಕಿದರೆ ಗೇರು ಸರಿಹೋಗುತ್ತದೆ, ದಾಖಲೆ ಕೆಡುತ್ತದೆ. ಹಾಗಾಗಿ ನಂಬರಿರುವ ಮೂಲ ಕೇಸಿಗೆ, ಖರ್ಚು ಹೆಚ್ಚಾದರೂ, ಅಲ್ಯೂಮಿನಿಯಂ ಬೆಸುಗೆ ಹಾಕಿಸಿ ಉಳಿಸಿಕೊಳ್ಳುವುದೇ ಸರಿಯಾದ ಕ್ರಮ.