ಕದ ತೆರೆದ ಹಳ್ಳಿ ಶಾಂಬೋನ್

ಫ್ರಾನ್ಸ್ ಎಂದೊಡನೆ ನಮಗೆ ನೆನಪಾಗುವುದು ಪ್ಯಾರಿಸ್ ಮತ್ತು ಐಫೆಲ್ ಗೋಪುರ. ಆದರೆ ಆ ದೇಶದ ದಕ್ಷಿಣ-ಮಧ್ಯ ಭಾಗದ ಗುಡ್ಡಗಾಡಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿ, ಲಿನ್ಯೋನ್ ಎಂಬ ಹೊಳೆಯ ದಂಡೆಯ ಮೇಲೆ ಶಾಂಬೋನ್ ಎಂಬ ಪುಟ್ಟ ಊರಿದೆ. ಕಲ್ಲಿನ ಮನೆಗಳು, ಪೈನ್ ಮರಗಳ ಕಾಡು, ಚಳಿಗಾಲದಲ್ಲಿ ಹಿಮ. ಊರಿಗೆ ಹೆಸರು ಬಂದದ್ದು ಮಾತ್ರ ಇವುಗಳಿಂದಲ್ಲ, ಅದು ಬಚ್ಚಿಟ್ಟು ಕಾಪಾಡಿದ ಜನರಿಂದ.

ಕ್ಯಾಥೊಲಿಕರೇ ಬಹುಸಂಖ್ಯಾತರಾದ ಫ್ರಾನ್ಸಿನಲ್ಲಿ ಶಾಂಬೋನ್ ಪ್ರಾಟೆಸ್ಟೆಂಟರ ನೆಲೆ. 1598ರಲ್ಲಿ ನಾಲ್ಕನೇ ಹೆನ್ರಿ ಇವರ ಪಂಥಕ್ಕೆ ನೀಡಿದ್ದ ರಕ್ಷಣೆಯನ್ನು 1685ರಲ್ಲಿ ಹದಿನಾಲ್ಕನೇ ಲೂಯಿ ರದ್ದುಪಡಿಸಿದ. ಪ್ರಾರ್ಥನಾ ಮಂದಿರಗಳು ನೆಲಸಮವಾದವು. ಸುಮಾರು ನೂರು ವರ್ಷ ಈ ಪಂಥದವರು ಗುಟ್ಟಾಗಿಯೇ ಸೇರಿ ಪ್ರಾರ್ಥಿಸಬೇಕಾಯಿತು. ಓಡಿಬಂದವರಿಗೆ ಆಸರೆ ಕೊಡುವುದು, ಅಧಿಕಾರಿಗಳ ಮುಂದೆ ಬಾಯಿ ಬಿಡದಿರುವುದು ಅವರಿಗೆ ಮನೆತನದ ಪಾಠವಾಯಿತು.

ಆ ಪಾಠ ಎರಡನೇ ಮಹಾಯುದ್ಧದಲ್ಲಿ ಒದಗಿಬಂತು. 1940ರ ಜೂನ್ 22ರಂದು ಸೋತ ಫ್ರಾನ್ಸ್ ಜರ್ಮನಿಯೊಂದಿಗೆ ಕದನವಿರಾಮಕ್ಕೆ ಸಹಿ ಹಾಕಿತು. ಮರುದಿನವೇ ಇಲ್ಲಿನ ಪಾದ್ರಿಗಳಾದ ಆಂದ್ರೆ ಟ್ರೋಕ್ಮೆ ಮತ್ತು ಎದುವಾರ್ ತೇಸ್, ಅನ್ಯಾಯದ ಆಜ್ಞೆಯನ್ನು ಆಯುಧವಿಲ್ಲದೆ ಎದುರಿಸಬೇಕೆಂದು ಜನರಿಗೆ ಬೋಧಿಸಿದರು. ಮುಂದೆ ನಾಜಿಗಳಿಂದ ತಪ್ಪಿಸಿಕೊಂಡ ಯಹೂದಿಗಳು, ಅವರಲ್ಲಿ ಅನೇಕ ಮಕ್ಕಳು, ಮೀಟರ್‌ಗೇಜ್ ರೈಲಿನಲ್ಲಿ ಇಲ್ಲಿಗೆ ಬಂದಿಳಿದರು. ರೈತರ ಮನೆಗಳು, ಶಾಲೆಗಳು, ವಸತಿಗೃಹಗಳು ಅವರಿಗೆ ತೆರೆದುಕೊಂಡವು. ಸುಳ್ಳು ಗುರುತಿನ ಚೀಟಿಗಳು ಸಿದ್ಧವಾದವು. 1942ರ ಆಗಸ್ಟ್‌ನಲ್ಲಿ ಅಧಿಕಾರಿಗಳು ಯಹೂದಿಗಳ ಪಟ್ಟಿ ಕೇಳಿದಾಗ ಟ್ರೋಕ್ಮೆ ಕೊಡಲಿಲ್ಲ. ಪೊಲೀಸರು ಬರುವ ಸುಳಿವು ಸಿಕ್ಕರೆ ಮಕ್ಕಳು ಕಾಡು ಸೇರುತ್ತಿದ್ದರು. ಸುತ್ತಲಿನ ಹಳ್ಳಿಗಳೂ ಕೈಜೋಡಿಸಿದವು. ಅಲ್ಲಿ ಅಡಗಿ ಉಳಿದವರು, ಅಲ್ಲಿಂದ ಸ್ವಿಟ್ಜರ್ಲೆಂಡಿಗೆ ದಾಟಿದವರು ಸೇರಿ ಸಾವಿರಾರು ಜನ ಬದುಕಿಕೊಂಡರು.

ಇದಕ್ಕೆ ತೆತ್ತ ಬೆಲೆಯೂ ಉಂಟು. 1943ರ ಜೂನ್ 29ರಂದು ಜರ್ಮನ್ ಪೊಲೀಸರು ಒಂದು ವಿದ್ಯಾರ್ಥಿನಿಲಯಕ್ಕೆ ನುಗ್ಗಿ 18 ಯುವಕರನ್ನು ಹಿಡಿದೊಯ್ದರು. ವಿದ್ಯಾರ್ಥಿಗಳ ಜೊತೆಗೇ ಬಂಧಿತನಾದ ಮೇಲ್ವಿಚಾರಕ, ಪಾದ್ರಿಯ ಬಂಧು ಡೇನಿಯಲ್ ಟ್ರೋಕ್ಮೆ, 1944ರಲ್ಲಿ ಪೋಲೆಂಡಿನ ಮೈದಾನೆಕ್ ಶಿಬಿರದಲ್ಲಿ ಸತ್ತ.

ಯುದ್ಧ ಮುಗಿದ ಮೇಲೆ ಊರಿನವರು ಇದನ್ನು ದೊಡ್ಡ ಸಂಗತಿಯೆಂದು ಹೇಳಿಕೊಳ್ಳಲಿಲ್ಲ. 1990ರಲ್ಲಿ ಇಸ್ರೇಲಿನ ಯಾದ್ ವಶೆಮ್ ಸಂಸ್ಥೆ ಶಾಂಬೋನ್ ಮತ್ತು ನೆರೆಯ ಹಳ್ಳಿಗಳ ಜನರನ್ನು ಒಟ್ಟಾಗಿ ಗೌರವಿಸಿತು.

ಈಗ ಇಲ್ಲಿಗೆ ಬರುವವರು 2013ರಲ್ಲಿ ಆರಂಭವಾದ ಸ್ಮಾರಕ ವಸ್ತುಸಂಗ್ರಹಾಲಯವನ್ನೂ ಹಳೆಯ ಪ್ರಾರ್ಥನಾ ಮಂದಿರವನ್ನೂ ನೋಡುತ್ತಾರೆ. ಹತ್ತಿರದ ಪಾನೆಲಿಯೆ ಎಂಬಲ್ಲಿ ಸಾಹಿತಿ ಆಲ್ಬರ್ಟ್ ಕಮೂ 1942-43ರಲ್ಲಿ ತಂಗಿದ್ದು 'ಪ್ಲೇಗ್' ಕಾದಂಬರಿಯ ಕೆಲಸದಲ್ಲಿ ತೊಡಗಿದ್ದ. ಅಂದು ಮಕ್ಕಳನ್ನು ಕರೆತಂದ ಅದೇ ಹಳಿಯ ಮೇಲೆ ಬೇಸಿಗೆಯಲ್ಲಿ ಪ್ರವಾಸಿಗರ ರೈಲು ಓಡುತ್ತದೆ.

1943ರಲ್ಲಿ ತಂದೆತಾಯಿಯೊಡನೆ ಇಲ್ಲಿ ಆಸರೆ ಪಡೆದಿದ್ದ ಆಸ್ಟ್ರಿಯಾದ ಬಾಲಕನೊಬ್ಬ 2020ರ ಕೊನೆಯಲ್ಲಿ, ತನ್ನ 90ನೇ ವಯಸ್ಸಿನಲ್ಲಿ, ತೀರಿಕೊಂಡ. ಉಯಿಲು ತೆರೆದಾಗ ಸುಮಾರು 20 ಲಕ್ಷ ಯೂರೊ ಶಾಂಬೋನ್ ಊರಿನ ಹೆಸರಿನಲ್ಲಿತ್ತು.